ನವ್ಯಾ ಯಾರ ಲೆಕ್ಕಕ್ಕೆ?

ಪರದೇಶದ ಪುಚೊಂಗ್ ಪಟ್ಟಣದ ಫ್ಲ್ಯಾಟಿನಲ್ಲಿ ಗೋಪಿನಾಥ ಮಧ್ಯಾಹ್ನದಿಂದ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಅಂದೇ ಕೊನೆಯ ದಿನ. ಲ್ಯಾಪ್‌ಟಾಪಿನಲ್ಲಿ ಎಲ್ಲ ತುಂಬಿಯಾಗಿತ್ತು, ಮಕ್ಕಳ ಕಾಲಂ ಒಂದನ್ನು ಬಿಟ್ಟು. ಗಂಡ ಹೆಂಡತಿ ಬೇರೆಬೇರೆಯಾಗಿ ತೆರಿಗೆ ಕಟ್ಟುವಾಗ ಮಗುವಿನ ರಿಯಾಯಿತಿಯನ್ನು ಇಬ್ಬರಲ್ಲಿ ಒಬ್ಬರು ಮಾತ್ರ ಪಡೆಯಬೇಕು. ಇಷ್ಟು ವರ್ಷ ಅದು ಗೋಪಿನಾಥನದೇ. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ಕಳೆದ ವರ್ಷ ಅವನ ಹೆಂಡತಿ ವೇದವತಿಗೆ ಅದೇ ದೇಶದ, ಸಮುದ್ರದಾಚೆಯ ಸರವಾಕ್ ರಾಜ್ಯದಲ್ಲಿ ಮೆಡಿಕಲ್ ಕಾಲೇಜಿನ ಕೆಲಸ ಸಿಕ್ಕಿತು. ಮಗಳು ನವ್ಯಾಳನ್ನೂ ಕರೆದುಕೊಂಡು ಹೋದಳು. ಒಂದೇ ವರ್ಷ ಎಂದಿದ್ದಳು. ವರ್ಷ ಕಳೆಯಿತು, ವಾಪಸಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ದೇಶ ಒಂದೇ ಆದರೂ ಅಲ್ಲಿ ವಿಮಾನ ಇಳಿದರೆ ಪಾಸ್‌ಪೋರ್ಟ್ ತೋರಿಸಬೇಕು. ‘ಹೆಂಡತಿ ಮನೆಗೆ ಹೋಗೋಕೂ ಪಾಸ್‌ಪೋರ್ಟಾ?’ ಎಂದು ಮುನಿಸಿಕೊಂಡು ಈ ಮಹಾರಾಯ ಚೀನೀ ಹೊಸ ವರ್ಷದ ರಜೆಗೂ ಹೋಗಿರಲಿಲ್ಲ. ಸರವಾಕ್ ಪಾಪ ಏನು ಮಾಡಿತ್ತು!

ಮಗಳ ಹೆಸರನ್ನು ಈ ಸಲ ವೇದವತಿಯೇ ತನ್ನ ರಿಟರ್ನಿನಲ್ಲಿ ಹಾಕಿಕೊಂಡಿದ್ದರೆ? ಹಾಗಿದ್ದರೆ ಅವರಿಬ್ಬರೂ ಇನ್ನು ಬರುವುದಿಲ್ಲ ಎಂದೇ ಲೆಕ್ಕ. ಫೋನ್ ಮಾಡಿ ಕೇಳಿದರೆ ಮುಗಿಯುತ್ತಿತ್ತು, ಆದರೆ ಅವನಿಗೆ ಭಯ. ಕೆಳಗೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿಗೆ ಹೋಗಿ ಚಹಾ ಹೇಳಿದ. ಅರ್ಧ ಕುಡಿದು ಎದ್ದು ಬಂದ. ‘ಮಗು ಇರೋದು ಅವಳ ಹತ್ರ ತಾನೇ, ಅವಳೇ ಹಾಕ್ಕೊಳ್ಳಲಿ’ ಎಂದು ಬಿಗುಮಾನದಿಂದ ಕಾಲಂ ಖಾಲಿ ಬಿಟ್ಟು ಸಲ್ಲಿಸಿಯೇಬಿಟ್ಟ. ಸಲ್ಲಿಸಿದ್ದೇ ತಡ, ವೇದವತಿಗೆ ಫೋನ್ ಮಾಡಿದ.

“ನವ್ಯಾಳನ್ನ ನಿನ್ನ ರಿಟರ್ನಲ್ಲಿ ಹಾಕ್ಕೊಂಡೆ ಅಲ್ವಾ?”

“ಇಲ್ಲ ಮಾರಾಯ್ರೆ! ನಾನು ಬೆಳಿಗ್ಗೆಯೇ ಕಳಿಸಿ ಆಯ್ತು. ಯಾವಾಗಲೂ ನೀವಲ್ವಾ ಹಾಕುವುದು?” ಉಡುಪಿಯಲ್ಲಿ ಹುಟ್ಟಿ ಬೆಳೆದ ವೇದವತಿ ಗಾಬರಿಯಾದಳು. ಆಮೇಲೆ ದನಿ ಇಳಿಸಿದಳು. “ನಾನು ಹಾಕಿದ್ರೆ ನಾವು ಇಲ್ಲೇ ಉಳಿದ ಹಾಗೆ ಆಗ್ತದಲ್ಲ ಅಂತ ಬಿಟ್ಟೆ.”

“ನೀನು ಹಾಕಿರ್ತೀಯ ಅಂತ ನಾನೂ ಬಿಟ್ಟೆ ಕಣೇ.”

ಫೋನ್ ಸ್ಪೀಕರಿನಲ್ಲಿತ್ತೇನೋ, ನವ್ಯಾಳ ದನಿ ಕೇಳಿಸಿತು.

“ಸೋ, ನೋಬಡಿ ಟುಕ್ ಮಿ, ಪಪ್ಪಾ?”

ಇದು ಬರೀ ತೆರಿಗೆ, ತಿದ್ದಿಸಬಹುದು ಪುಟ್ಟಿ ಎನ್ನಲು ಹೊರಟ ಗೋಪಿನಾಥನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಎದ್ದು ಹೋಗಿ ಬೀರು ತೆರೆದು ಬಟ್ಟೆಗಳನ್ನೆಲ್ಲ ಎಳೆದು ಹಾಕತೊಡಗಿದ.

“ವೇದಾ, ನನ್ನ ಪಾಸ್‌ಪೋರ್ಟ್ ಎಲ್ಲಿಟ್ಟು ಹೋಗಿದೀಯ?”

“ದೇವರ ಗೂಡಿನ ಕೆಳಗಿನ ಡ್ರಾಯರಲ್ಲಿ ಉಂಟು,” ಎಂದಳು ವೇದವತಿ, ಇಷ್ಟು ದಿನ ಆ ಪ್ರಶ್ನೆಗೇ ಕಾದು ಕೂತಿದ್ದವಳ ಹಾಗೆ.