ಜಾಳು ಹೆಣಿಗೆ

ಚೇತನಾಳಿಗೆ ಸಕ್ಕರೆ ಕಾಯಿಲೆ ಇರುವುದು ಹೊಸ ಹೈಸ್ಕೂಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲೇ ಬಂದ ಕಾಯಿಲೆ, ಪ್ರತಿ ಊಟಕ್ಕೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಜೋರಾಗಿ ಓಡಿದರೆ ಸಕ್ಕರೆ ಇಳಿದು ಕೈಕಾಲು ನಡುಗುತ್ತವೆ. ಆಗ ಕೂಡಲೇ ಗ್ಲೂಕೋಸ್ ಮಾತ್ರೆ ಬಾಯಿಗೆ ಹಾಕಿಕೊಳ್ಳದಿದ್ದರೆ ಎಚ್ಚರ ತಪ್ಪಬಹುದು ಎಂದು ಡಾಕ್ಟರು ಹೇಳಿದ್ದರು. ಆ ಮಾತು ಕೇಳಿದ ಮೇಲೆ ತಾಯಿ ಸುಮಲತಾಳಿಗೆ ಮಗಳು ಕಣ್ಣಿಗೆ ಬೀಳದ ಹೊತ್ತೆಲ್ಲ ಎದೆಯಲ್ಲೊಂದು ಡವಡವ. ಕೆಲಸಕ್ಕೆ ಹೋದಲ್ಲೂ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು.

ಹಳೆಯ ಶಾಲೆಯಲ್ಲಿ ವಿಷಯ ಗೊತ್ತಿತ್ತು. ಆಟದ ಪಿರಿಯಡ್ಡಿನಲ್ಲಿ ಅವಳನ್ನು ಮರದ ಕೆಳಗೆ ಕೂರಿಸುತ್ತಿದ್ದರು. ಯಾರದಾದರೂ ಹುಟ್ಟುಹಬ್ಬವಾದರೆ ಚಾಕಲೇಟು ಹಂಚುವ ಕೈ ಅವಳನ್ನು ದಾಟಿಕೊಂಡು ಹೋಗುತ್ತಿತ್ತು. ಹೈಸ್ಕೂಲಿಗೆ ಸೇರುವಾಗಲೇ ಚೇತನಾ, ಯಾರಿಗೂ ಹೇಳಬಾರದೆಂದು ತಾಯಿಯಿಂದ ಮಾತು ತೆಗೆದುಕೊಂಡಿದ್ದಳು. ಖೋಖೋ ತಂಡಕ್ಕೆ ಆಯ್ಕೆಯಾದ ದಿನ ಅದನ್ನೇ ಮತ್ತೆ ಹೇಳಿದಳು.

"ಹೇಳಿದ್ರೆ ಮೇಷ್ಟ್ರು ಟೀಮಿಂದ ತೆಗೀತಾರೆ. ನೀನು ಹೇಳಿದ್ರೆ ನಾನು ಶಾಲೆಗೇ ಹೋಗಲ್ಲ ನೋಡು."

ಶಾಲೆಗೆ ಹೇಳಿಬಿಡಲೇ ಎಂದು ಸುಮಲತಾ ಗಂಡನ ಹತ್ತಿರ ಕೇಳಿದಳು. ನೆಮ್ಮಾರಿನ ಕಡೆ ಎಸ್ಟೇಟ್ ಕೆಲಸದಲ್ಲಿದ್ದ ಯೋಗೇಶ, ಅವಳಿಗೂ ಒಂದು ಮರ್ಯಾದೆ ಇರುತ್ತದೆ, ಸುಮ್ಮನಿರು ಎಂದ. ಸುಮಲತಾ ಸುಮ್ಮನಾದಳು. ಎದೆ ಸುಮ್ಮನಾಗಲಿಲ್ಲ.

ಇನ್ನೊಂದು ತೊಂದರೆಯಿತ್ತು. ಇನ್ಸುಲಿನ್ ಇಡುವ ನೀಲಿ ಪೌಚು ನೋಡಿದವರೆಲ್ಲ ಇದೆಂತ ಎಂದು ಕೇಳುತ್ತಿದ್ದರು. ಬೇರೆ ಶಾಲೆಯ ಆಟಗಾರ್ತಿಯೊಬ್ಬಳ ಬೆನ್ನ ಮೇಲೆ ಚೇತನಾ ಒಂದು ಚೀಲ ನೋಡಿದ್ದಳು. ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಅದೇ ದಾರ ಎರಡೂ ಹೆಗಲಿಗೆ ಪಟ್ಟಿಯಾಗುತ್ತದೆ. ಅಂಥದ್ದರೊಳಗೆ ಪೌಚು ಹಾಕಿಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಬಾಗಿಲ ತೋರಣ, ಟಿವಿ ಮೇಲಿನ ಹೊದಿಕೆ ಎಲ್ಲ ಕ್ರೋಶಾ ಹೆಣಿಗೆಯಲ್ಲಿ ಹಾಕಿದ್ದ ಸುಮಲತಾ ಕೊಪ್ಪದಿಂದ ದಪ್ಪ ಹತ್ತಿ ದಾರ ತಂದು ಶುರು ಮಾಡಿದಳು. ತಳ ದುಂಡಗೆ, ಒತ್ತಾಗಿ ಬಂತು. ಅಷ್ಟರಲ್ಲಿ ಪಂದ್ಯ ಹೇಳಿದ್ದಕ್ಕಿಂತ ಮುಂಚೆಯೇ ಎಂದಾಗಿ, ನರಸಿಂಹರಾಜಪುರಕ್ಕೆ ಇದೇ ವಾರ ಹೊರಡಬೇಕು ಎಂದಾಯಿತು. ಬೇಗ ಮುಗಿಯಲೆಂದು ಮೇಲಿನದ್ದನ್ನೆಲ್ಲ ದೊಡ್ಡ ಕಣ್ಣುಗಳ ಬಲೆಯ ಹಾಗೆ ಜಾಳಾಗಿ ಹೆಣೆದಳು. ಹೊರಡುವ ಬೆಳಿಗ್ಗೆ ದಾರ ಪೋಣಿಸಿ, ಒತ್ತು ಹೆಣಿಗೆಯಲ್ಲಿ ಮರೆಯಾಗಲೆಂದು ಪೌಚನ್ನು ತಳಕ್ಕಿಟ್ಟು, ಮೇಲೆ ನೀರಿನ ಬಾಟಲಿ, ಊಟದ ಡಬ್ಬಿ ತುಂಬಿದಳು. ಕೈ ಹಾಕಿದರೆ ಮೊದಲು ಸಿಗಲೆಂದು ಹೆಬ್ಬೆರಳಷ್ಟು ದಪ್ಪದ ಗ್ಲೂಕೋಸ್ ಮಾತ್ರೆಯ ಡಬ್ಬಿಯನ್ನು ಎಲ್ಲಕ್ಕಿಂತ ಮೇಲಿಟ್ಟಳು. ಚೇತನಾ ಚೀಲ ಬೆನ್ನಿಗೇರಿಸಿ, ಓಡಿ ಹೋಗಿ ವ್ಯಾನು ಹತ್ತಿದಳು.

ವ್ಯಾನು ಮರೆಯಾದ ಮೇಲೆ ಮನೆ ಕಡೆ ತಿರುಗಿದ ಸುಮಲತಾಳ ಕಾಲಿಗೆ ಏನೋ ತಾಗಿತು. ನೋಡಿದರೆ ಅದೇ ಮಾತ್ರೆಯ ಡಬ್ಬಿ.

ಅವಳಿಗೆ ಒಮ್ಮೆಲೇ ಅರ್ಥವಾಯಿತು. ಬಾಟಲಿಯ ಭಾರಕ್ಕೆ ಹೆಣಿಗೆ ಜಗ್ಗಿ ಕಣ್ಣುಗಳು ಅಗಲವಾಗಿವೆ, ಓಡುವಾಗ ಡಬ್ಬಿ ಜಾರಿದೆ. ಇನ್ನೇನೇನು ಬಿದ್ದಿದೆಯೋ ಎಂದು ರಸ್ತೆಯುದ್ದಕ್ಕೂ ಬಗ್ಗಿ ಹುಡುಕಿದಳು. ಬೇರೇನೂ ಇರಲಿಲ್ಲ. ದೈಹಿಕ ಶಿಕ್ಷಣದ ಮಲ್ಲೇಶಪ್ಪ ಮೇಷ್ಟ್ರಿಗೆ ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಮಾಡಿದಳು, ಮತ್ತೆ ಅದೇ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಬಾಳೆಕಾಯಿ ತುಂಬಿಕೊಂಡು ಬರುತ್ತಿದ್ದ ಊರಿನ ಅಬ್ದುಲ್ ರಹಮಾನರ ಪಿಕಪ್ಪಿಗೆ ಅಡ್ಡ ನಿಂತಳು. ಕೊಪ್ಪದ ಅಂಗಡಿಗೆ ಹೊರಟಿದ್ದ ಅವರು ವಿಷಯ ಕೇಳಿ, ಗಾಡಿ ಹತ್ತಿ ಎಂದಷ್ಟೇ ಹೇಳಿದರು. ಕೊಪ್ಪ ಬಂದರೂ ಗಾಡಿ ನಿಲ್ಲಲಿಲ್ಲ, ನರಸಿಂಹರಾಜಪುರದ ಕಡೆಗೇ ಓಡಿತು. ದಾರಿಯುದ್ದಕ್ಕೂ ಸುಮಲತಾ ಫೋನ್ ಒತ್ತುತ್ತಲೇ ಇದ್ದಳು. ಈಗ ಇಳಿದಿರಬಹುದು, ಈಗ ಓಟ ಶುರುವಾಗಿರಬಹುದು, ಈಗ ಚೀಲದಲ್ಲಿ ತಡಕುತ್ತಿರಬಹುದು. ಮುಂದಿನದನ್ನು ನೆನೆಯಲು ಅವಳಿಗೆ ಧೈರ್ಯ ಬರಲಿಲ್ಲ.

"ಫೋನ್ ಹತ್ತಲಿಲ್ಲ ಅಂದ್ರೆ ಅಲ್ಲಿ ಏನೋ ಆಗಿದೆ ಅಂತಲ್ಲ ಸುಮಕ್ಕ," ಎಂದರು ರಹಮಾನ್. "ಇಲ್ಲಿ ಸುಮ್ಮನೆ ಇದ್ರೂ ಹತ್ತಲ್ಲ."

ನರಸಿಂಹರಾಜಪುರದ ಮೈದಾನದಲ್ಲಿ ಆಟ ನಡೆದಿತ್ತು. ಸುಮಲತಾ ಕೂತವರ, ಓಡುವವರ ಮುಖ ಒಂದೊಂದಾಗಿ ನೋಡಿದಳು. ಚೇತನಾ ಇರಲಿಲ್ಲ. ಬೇಲಿಯ ಗೂಟಕ್ಕೆ ಚೀಲ ಮಾತ್ರ ನೇತಾಡುತ್ತಿತ್ತು, ಬಾಯಿ ತೆರೆದು. ಒಳಗೆ ಪೌಚು ಇರಲಿಲ್ಲ. ಸ್ಕೋರು ಬರೆಯುತ್ತಿದ್ದ ಹುಡುಗಿಯನ್ನು ಕೇಳಿದಾಗ, ಒಬ್ಬಳಿಗೆ ತಲೆ ಸುತ್ತಿತು, ಅಡುಗೆಯವರ ಕಡೆ ಕರಕೊಂಡು ಹೋದರು ಎಂದಳು.

ಅಡುಗೆಯ ಶಾಮಿಯಾನದ ಹಿಂದೆ ಚೇತನಾ ಅಕ್ಕಿಮೂಟೆಗೆ ಒರಗಿ ಕೂತಿದ್ದಳು. ಮುಖ ಬೆವರಿ ಬಿಳುಚಿತ್ತು. ತಂಡದ ಅನೀಸಾ ಅವಳ ಕೈ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಖಾಲಿ ಲೋಟ. ಮಲ್ಲೇಶಪ್ಪ ಮೇಷ್ಟ್ರು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು.

ನಡೆದದ್ದನ್ನು ಅನೀಸಾ ಸುಮಲತಾಳಿಗಷ್ಟೇ ಕೇಳುವಂತೆ ಮೆಲ್ಲಗೆ ಹೇಳಿದಳು. ಮೊದಲ ಆಟದ ನಡುವೆಯೇ ಚೇತನಾಳ ಕೈ ನಡುಗತೊಡಗಿತ್ತು. ಹೊರಗೆ ಬಂದು ಚೀಲ ತಡಕಿದರೆ ಡಬ್ಬಿ ಇಲ್ಲ. ಆಗ ಅನೀಸಾಳ ಕಿವಿಯಲ್ಲಿ, ನಂಗೆ ಶುಗರ್ ಇದೆ, ಸಕ್ಕರೆ ಬೇಕು ಎಂದಿದ್ದಳಂತೆ. ಅನೀಸಾ ಅಡುಗೆಯವರಿಂದ ಸಕ್ಕರೆ ನೀರು ಮಾಡಿಸಿ ಕುಡಿಸಿದ್ದಳು. ಮೇಷ್ಟ್ರು ಬರುವ ಮೊದಲೇ ಚೇತನಾ ತಾನೇ ಬೆರಳು ಚುಚ್ಚಿ ನೋಡಿಕೊಂಡಿದ್ದಳು, ಸಕ್ಕರೆ ಏರುತ್ತಿತ್ತು.

ಸುಮಲತಾ ಮಗಳ ಪಕ್ಕ ಕುಸಿದು ಕೂತಳು. ಆಗ ಮೇಷ್ಟ್ರು ಕೇಳಿದರು, ಬೆಳಿಗ್ಗೆ ಏನೂ ತಿಂದಿರಲಿಲ್ಲವೇನಮ್ಮ ಎಂದು. ಕಾಯಿಲೆಯ ವಿಷಯ ಅನೀಸಾ ಅವರಿಗೆ ಹೇಳಿರಲಿಲ್ಲ. ಚೇತನಾ ತಾಯಿಯ ಮುಖವನ್ನೇ ನೋಡಿದಳು, ಬೇಡ ಎನ್ನುವ ನೋಟ.

"ತಿಂದಿದಾಳೆ ಸಾರ್," ಎಂದಳು ಸುಮಲತಾ. "ಅವಳಿಗೆ ಸಕ್ಕರೆ ಕಾಯಿಲೆ ಉಂಟು. ನಾನು ಹೇಳ್ಬೇಕಿತ್ತು."

ಚೇತನಾ ಮುಖ ತಿರುಗಿಸಿದಳು. ಮೇಷ್ಟ್ರಿಗೆ ಸಿಟ್ಟು ಬಂದಿತ್ತು, ಅದು ಕಾಣುತ್ತಿತ್ತು. ಆಮೇಲೆ ಪೌಚು ಬಿಚ್ಚಿಸಿ, ಯಾವುದು ಯಾವುದಕ್ಕೆ, ಮತ್ತೆ ಹೀಗಾದರೆ ಎಷ್ಟು ಕೊಡಬೇಕು, ಎಚ್ಚರ ತಪ್ಪಿದರೆ ಏನು ಮಾಡಬೇಕು ಎಂದು ಬಿಡದೆ ಕೇಳಿದರು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು ಎಂದು ಸುಮಲತಾ ಹೇಳಿದಾಗ ಅವರ ಮುಖವೂ ಬಿಳುಚಿತು.

"ಇವತ್ತು ಆಡೋದು ಬೇಡ," ಎಂದರು ಚೇತನಾಳಿಗೆ. "ಟೀಮಲ್ಲಿ ಇರ್ತೀಯ. ಡಾಕ್ಟರ್ ಹತ್ರ ನಾನೇ ಮಾತಾಡ್ತೀನಿ."

ಅವಳಿಲ್ಲದೆ ತಂಡ ಎರಡನೇ ಆಟ ಸೋತಿತು. ವಾಪಸು ಬರುವಾಗ ಸುಮಲತಾಳನ್ನೂ ವ್ಯಾನಿನಲ್ಲೇ ಹತ್ತಿಸಿಕೊಂಡರು. ಚೇತನಾ ತಾಯಿಯ ಹತ್ತಿರ ಕೂರದೆ ಹಿಂದಿನ ಸೀಟಿಗೆ ಹೋದಳು. ಸುಮಲತಾ ಮುಂದೆ ನೋಡಿಕೊಂಡು ಕೂತಳು. ಇನ್ನು ಶಾಲೆಗೆ ಹೋಗುತ್ತಾಳೋ ಇಲ್ಲವೋ, ತನ್ನ ಹತ್ತಿರ ಮಾತಾಡುತ್ತಾಳೋ ಇಲ್ಲವೋ ಎಂಬ ಹೊಸ ಹೆದರಿಕೆ ಹಿಡಿದಿತ್ತು.

ಹಿಂದೆ ಯಾರೋ ಹುಡುಗಿ ಮೆಲ್ಲಗೆ ಕೇಳಿದಳು, ಸೂಜಿ ಚುಚ್ಚಿದರೆ ನೋಯುತ್ತದೆಯಾ ಎಂದು. ಸುಮಲತಾ ಹಿಂದೆ ತಿರುಗದೆ ಕಿವಿಗೊಟ್ಟಳು.

"ಹೊಟ್ಟೆಗಾದ್ರೆ ಅಷ್ಟಿಲ್ಲ," ಎಂದಳು ಚೇತನಾ. "ಬೆರಳಿಗೆ ಸ್ವಲ್ಪ ನೋಯ್ತದೆ."

ಮತ್ತೊಬ್ಬಳು ಇನ್ನೇನೋ ಕೇಳಿದಳು. ಚೇತನಾ ಅದಕ್ಕೂ ಹೇಳತೊಡಗಿದಳು.