ಉಪ್ಪಿನ ಮೇಲೆ ತೀರಿಸಿದ ಸೇಡು

ನಾನೊಂದು ಮೊಪೆಡ್ಡು. ಎಂಜಿನ್ನು ಬರೀ ಐವತ್ತು ಸಿಸಿ. ಕಾರ್ಖಾನೆಯಲ್ಲಿ ಮೊದಲ ಸಲ ಕಿಡಿ ಕೊಟ್ಟಾಗ ಕೆಮ್ಮಿದೆ, ನಡುಗಿದೆ, ಆಮೇಲೆ ಹಾಡಿದೆ. ಹಾಡುತ್ತದೆ ಅಂದವರು ನನ್ನ ಮೊದಲ ಯಜಮಾನರು, ತಿಪಟೂರಿನ ಗಮಕಿ ದಕ್ಷಿಣಾಮೂರ್ತಿಗಳು. ಸಂಜೆಯಾದರೆ ನನ್ನ ಮೇಲೆ ಕೂತು ದೇವಸ್ಥಾನಕ್ಕೆ ಕಾವ್ಯ ಓದಲು ಹೋಗುವರು. ನಾನು ಹೊರಗೆ ಚಪ್ಪಲಿಗಳ ಪಕ್ಕ ನಿಂತು ಕೇಳುವೆ. ಮಂಗಳಾರತಿಯ ಗಂಟೆಗೆ ಮನಸ್ಸಿನಲ್ಲೇ ಕೈ ಮುಗಿಯುವೆ. ಶಾಂತಿಯ ಪದ್ಯಗಳಿಗೆ ನನಗೆ ತೂಕಡಿಕೆ. ಕಾಳಗದ ಭಾಗ ಬಂದರೆ ಮಾತ್ರ ಟ್ಯಾಂಕಿನೊಳಗಿನ ಪೆಟ್ರೋಲು ಜುಮ್ಮೆನ್ನುವುದು.

ನನ್ನನ್ನು ಉಪ್ಪಿನ ಬಯಲಿಗೆ ಕರೆದೊಯ್ದವಳು ಅವರ ಕಿರಿಮಗಳು ಶರ್ವಾಣಿ. ಗುಜರಾತಿನ ಕಚ್ಛದಲ್ಲಿ ಮಳೆನೀರು ಆರಿದ ಮೇಲೆ ಕಣ್ಣು ಹರಿಯುವಷ್ಟು ದೂರ ಉಪ್ಪು, ನೆಲ ಹಪ್ಪಳದ ಹಾಗೆ ಚಪ್ಪಟೆ. ಅಲ್ಲಿ ಸಣ್ಣ ಎಂಜಿನ್ನುಗಳು ವೇಗದ ದಾಖಲೆಗೆ ಓಡುತ್ತವೆ. ಹೋಗುತ್ತ ಒಂದು ಓಟ, ಬರುತ್ತ ಒಂದು ಓಟ. ಎರಡರ ಸರಾಸರಿಯೇ ಲೆಕ್ಕ. ದಾಖಲೆ ಮುರಿದ ಎಂಜಿನ್ನನ್ನು ಅಲ್ಲೇ ಬಿಚ್ಚಿ ಸಿಲಿಂಡರು ಅಳೆಯುತ್ತಾರೆ. ಸೋತದ್ದನ್ನು ಯಾರೂ ಮುಟ್ಟುವುದಿಲ್ಲ.

ಶರ್ವಾಣಿ ನನ್ನ ಸೀಟು, ಪೆಡಲು, ಮಡ್‌ಗಾರ್ಡು ಎಲ್ಲ ಕಳಚಿ, ನನ್ನ ಮೇಲೆ ಬೋರಲು ಮಲಗಿ ಓಡಿಸಿದಳು. ಐವತ್ತು ಸಿಸಿಯ ದಾಖಲೆ ಅವಳ ಹೆಸರಿಗೆ ಬಂತು. ನನ್ನನ್ನು ಬಿಚ್ಚಿದರು, ಅಳೆದರು, ಸರಿಯಾಗಿದೆ ಅಂದರು. ನನಗೆ ಅದು ಬಿರುದು ಸಿಕ್ಕ ಹಾಗಾಯಿತು.

ಗಮಕಿಗಳು ತೀರಿಕೊಂಡರು. ಹಿರಿಯಳಿಯ ಚಕ್ರಪಾಣಿ, ಹದಿಮೂರನೇ ದಿನದ ಊಟದ ಎಲೆ ಎತ್ತುವ ಮೊದಲೇ ನನ್ನ ಕೀಲಿ ಎತ್ತಿಕೊಂಡ.

"ಮಾವನ ಗಾಡಿ ಅಳಿಯನಿಗೆ. ಹೆಣ್ಣು ಹುಡುಗಿ ಹಲ್ಲಿ ಹಾಗೆ ಗಾಡಿಗೆ ಅಂಟಿಕೊಂಡು ಓಡಿಸೋದು ನೋಡೋಕೆ ಚೆನ್ನಾಗಿರುತ್ತಾ?"

"ನಿನ್ನೆವರೆಗೂ ಇದನ್ನ ಡಬ್ಬಾ ಅಂತಿದ್ರಲ್ಲ ಭಾವ?" ಅಂದಳು ಶರ್ವಾಣಿ.

"ಡಬ್ಬಾನೇ. ನಾನು ಕೂತರೆ ವಿಮಾನ. ಆ ದಾಖಲೇಲಿ ನಿನ್ನ ಹೆಸರು ಅಳಿಸಿ ನನ್ನ ಹೆಸರು ಹಾಕಿಸ್ತೀನಿ, ನೋಡ್ತಿರು."

ಅವಳು ತಂದೆಯನ್ನು ಕಳೆದುಕೊಂಡಿದ್ದಳು. ಉಳಿದದ್ದು ಆ ಹೆಸರೊಂದೇ. ನನಗೆ ಹಲ್ಲಿದ್ದಿದ್ದರೆ ಅವತ್ತೇ ಅವನ ಮೀನಖಂಡ ಕಚ್ಚುತ್ತಿದ್ದೆ.

ಅವನದು ದಪ್ಪ ಮೈ. ಊರ ರಸ್ತೆಯಲ್ಲಿ ಎಕ್ಸಲರೇಟರು ಎಷ್ಟು ತಿರುಚಿದರೂ ಅವಳ ವೇಗ ಮುಟ್ಟಲಾಗಲಿಲ್ಲ. ಕೊನೆಗೆ ಲೇತಿನ ಅಂಗಡಿಗೆ ಒಯ್ದು ನನ್ನ ಸಿಲಿಂಡರು ಕೊರೆಸಿ, ದೊಡ್ಡ ಪಿಸ್ಟನ್ನು ತುರುಕಿದ. ಹೊರಗಿನಿಂದ ಅದೇ ಐವತ್ತು; ಒಳಗೆ ಅರವತ್ತರ ಮೇಲೆ.

"ಸಾರ್, ಅಲ್ಲಿ ಬಿಚ್ಚಿ ನೋಡಿದ್ರೆ?" ಅಂದ ಅಂಗಡಿಯವನು.

"ಹೋದ ವರ್ಷ ನೋಡಿದ್ದಾರಲ್ಲಪ್ಪ. ಒಂದೇ ಗಾಡೀನ ಎಷ್ಟು ಸಲ ನೋಡ್ತಾರೆ?"

ಉಪ್ಪಿನ ಮೇಲೆ ಕಾಲಿಡದವನ ಮಾತದು. ಕೊರೆಯುವ ನೋವಿನಲ್ಲೂ ನನಗೆ ನಗು ಬಂತು.

ಲಾರಿಯಲ್ಲಿ ಕಚ್ಛದವರೆಗೂ ನನಗೆ ಸೇಡಿನದೇ ಧ್ಯಾನ. ಓಡುವಾಗ ನಾನೇ ಎಂಜಿನ್ನು ಬಿಗಿಹಿಡಿದು ನಿಂತುಬಿಟ್ಟರೆ? ಬೀಳುತ್ತಾನೆ, ಮೂಳೆ ಮುರಿಯುತ್ತಾನೆ, ನಾಲ್ಕು ಜನ 'ಪಾಪ' ಅನ್ನುತ್ತಾರೆ. ಪಾಪ ಅನ್ನಿಸಿಕೊಳ್ಳುವ ಭಾಗ್ಯ ಇವನಿಗೇಕೆ? ಬೇಡ, ಇವನು ಗೆಲ್ಲಬೇಕು.

ಓಟದ ಬೆಳಿಗ್ಗೆ ಶರ್ವಾಣಿಯೂ ಬಂದಳು. ಅವನು ನನ್ನನ್ನು ಗುರುಗುಟ್ಟಿಸಿದ. ಅವಳು ತಲೆ ಓರೆ ಮಾಡಿ ಆಲಿಸಿದಳು, ತಂದೆಯ ರಾಗ ಎಲ್ಲಿ ಜಾರಿತು ಎಂದು ಆಲಿಸುತ್ತಿದ್ದ ಹಾಗೆ. ನನ್ನ ದನಿ ದಪ್ಪಗಾಗಿತ್ತು. ಒಳಗೆ ಕೊರೆಸಿದ್ದಾನೆಂದು ಅವಳಿಗೆ ತಿಳಿದುಹೋಯಿತು.

"ಏನಮ್ಮ, ಹೆಸರು ಹೋಗೋದು ನೋಡೋಕೆ ಬಂದ್ಯಾ?"

ಅವಳು ಅಲ್ಲೇ ಕೂಗಿ ಹೇಳಬಹುದಿತ್ತು. ಹೇಳಿದ್ದರೆ ಓಡುವ ಮೊದಲೇ ಅವನು ಗಾಡಿ ಕಟ್ಟಿಕೊಂಡು ಮಾಯವಾಗುತ್ತಿದ್ದ. ಅವಳು ನನ್ನ ಟ್ಯಾಂಕಿನ ಮೇಲೆ ಕೈಯಿಟ್ಟಳು.

"ಇಲ್ಲ ಭಾವ. ಗೆದ್ದು ಬನ್ನಿ ಅನ್ನೋಕೆ ಬಂದೆ."

"ಈಗ ಬುದ್ಧಿ ಬಂತು ನೋಡು!"

ಹೊರಟೆ. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದೆಗೆ. ಮರಳುವ ಓಟದಲ್ಲಿ ಸಿಲಿಂಡರಿನ ಗೋಡೆ ಸುಲಿಯತೊಡಗಿತು, ಬೇರಿಂಗು ಕೆಂಪಗೆ ಕಾಯಿತು. ದೇವರೇ, ಇವನು ಬೀಳದಿರಲಿ, ಇವನ ಕೂದಲೂ ಕೊಂಕದಿರಲಿ, ಇವನನ್ನು ಗೆಲ್ಲಿಸು ಎಂದು ಬೇಡಿದೆ. ಅಷ್ಟು ಭಕ್ತಿಯಿಂದ ನಾನು ಎಂದೂ ಬೇಡಿರಲಿಲ್ಲ.

ಗೆಲ್ಲಿಸಿದೆ. ಚಕ್ರಪಾಣಿ ಎರಡೂ ಕೈ ಎತ್ತಿ ಕುಣಿದ. ಅಷ್ಟರಲ್ಲಿ ಸ್ಪ್ಯಾನರು ಹಿಡಿದು ಅಧಿಕಾರಿ ಬಂದ.

"ಹೋದ ವರ್ಷ ನೋಡಿದ್ದೀರಲ್ಲ!" ಎಂದು ಇವನು ಅಡ್ಡ ನಿಂತ.

ದಾಖಲೆ ಮುರಿದ ಗಾಡಿಯನ್ನು ಪ್ರತಿ ಸಲವೂ ಬಿಚ್ಚುತ್ತೇವೆ ಎಂದು ಅಧಿಕಾರಿ ಹಿಂದಿಯಲ್ಲಿ ಹೇಳಿ, ಒಂದೊಂದೇ ನಟ್ಟು ಸಡಿಲಿಸಿದ. ಅಳತೆಯ ಕಡ್ಡಿ ನನ್ನೊಳಗೆ ಇಳಿದಾಗ ಚಕ್ರಪಾಣಿಯ ಮುಖದ ಬಣ್ಣವೂ ಇಳಿಯಿತು. ಎಲ್ಲರೆದುರು ಮೈಕಿನಲ್ಲಿ ಮೋಸ ಎಂದು ಸಾರಿದರು. ಇನ್ನೆಂದೂ ಉಪ್ಪಿನ ಮೇಲೆ ಕಾಲಿಡಕೂಡದು ಎಂದರು. ಯಾರೂ 'ಪಾಪ' ಅನ್ನಲಿಲ್ಲ.

"ನನ್ನ ಹೆಸರು ಅಲ್ಲೇ ಇದೆಯಂತೆ ಭಾವ," ಅಂದಳು ಶರ್ವಾಣಿ. "ಗಾಡಿ ನನಗೆ ಕೊಟ್ಟುಬಿಡಿ."

ಅವನು ನನ್ನನ್ನು ಒದ್ದು ಉರುಳಿಸಿದ. "ತುಕ್ಕು ಹಿಡಿದು ಸಾಯಲಿ. ನಿನಗೆ ಮಾತ್ರ ಕೊಡಲ್ಲ!"

ಅವತ್ತೇ ಭುಜ್ ಊರಿನ ಗುಜರಿಗೆ ಹಾಕಿ ಹೋದ. ಅವಳು ಹುಡುಕಿಕೊಂಡು ಬಂದಳೋ ಇಲ್ಲವೋ, ಈ ಕಬ್ಬಿಣದ ರಾಶಿಯ ಅಡಿಯಿಂದ ನನಗೆ ಕಾಣದು. ಉಪ್ಪು ನನ್ನನ್ನು ನಿಧಾನವಾಗಿ ತಿನ್ನುತ್ತಿದೆ. ಸೇಡು ಇಟ್ಟುಕೊಂಡವರನ್ನೇ ಸುಡುತ್ತದೆ ಅಂತಾರೆ ಬಲ್ಲವರು. ಸುಟ್ಟಿದೆ, ಇಲ್ಲ ಅನ್ನಲಾರೆ. ಆದರೂ ಯಾರಾದರೂ ನನ್ನನ್ನು ಎತ್ತಿ ನಿಲ್ಲಿಸಿ, ಆ ಚಕ್ರಪಾಣಿಯನ್ನೇ ಮತ್ತೆ ಬೆನ್ನ ಮೇಲೆ ಕೂರಿಸಿದರೆ, ಅಷ್ಟೇ ಜೋರಾಗಿ ಓಡಿ ಇನ್ನೊಮ್ಮೆ ಗೆಲ್ಲಿಸುತ್ತೇನೆ.