ಆರನೇ ಡಬ್ಬಿ

"ಈಗ ನೋಡು, ಸಮುದ್ರದ ರಸ್ತೆ ಬರ್ತದೆ," ಎಂದು ಕದಿರೇಶ ಕುರ್ಚಿಯ ತುದಿಗೆ ಜರುಗಿದ. "ಗಡ್ಡ ಕಾರು ಓಡಿಸ್ತಿರ್ತಾನೆ, ಟೋಪಿ ಪಕ್ಕದಲ್ಲಿ ಕೂತು ನಗ್ತಿರ್ತಾನೆ. ಅಲ್ಲಿಗೆ ಪಿಚ್ಚರ್ ಮುಗೀತು. ಅದಪ್ಪಾ ಎಂಡಿಂಗ್ ಅಂದ್ರೆ."

ಸಮುದ್ರದ ರಸ್ತೆ ಬರಲಿಲ್ಲ. ಟಿವಿಯಲ್ಲಿ ಒಂದು ಸೇತುವೆ ಬಂತು. ಹಿಂದಿನಿಂದ ಬಂದ ಲಾರಿ ಗುದ್ದಿದ ರಭಸಕ್ಕೆ ಕಾರು ಕಂಬಿ ಮುರಿದುಕೊಂಡು ಅರ್ಧ ಹೊರಗೆ ನೇತಾಡಿತು. ಗಡ್ಡದವನು ಹೇಗೋ ಈಚೆ ಬಂದು ಕೈ ಚಾಚಿದ. ಟೋಪಿಯವನು ಆ ಕೈ ಹಿಡಿದುಕೊಂಡ. ಹಿಡಿದುಕೊಂಡಷ್ಟು ಹೊತ್ತೂ ಇಬ್ಬರೂ ಜಾರುತ್ತಲೇ ಇದ್ದರು. ಕೊನೆಗೆ ಟೋಪಿಯವನೇ ಬೆರಳು ಸಡಿಲಿಸಿದ.

ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿ ರಂಜಿತ ಮೊರದಿಂದ ತಲೆಯೆತ್ತಿದಳು. "ಸತ್ತೋದನಲ್ರೀ."

"ಎಲ್ಲಿ ಸಾಯ್ತಾನೆ? ತಡಿ, ಎದ್ದು ಬರ್ತಾನೆ."

ಅವನು ಎದ್ದು ಬರಲಿಲ್ಲ. ಹೊಳೆಯಿಂದ ಹೆಣ ತೆಗೆದರು, ಮಣ್ಣು ಮಾಡಿದರು, ಗಡ್ಡದವನು ಗೋರಿಯ ಮುಂದೆ ಮಂಡಿಯೂರಿದ. ಆಮೇಲೆ ಬಂತು ಸಮುದ್ರದ ರಸ್ತೆ. ಗಡ್ಡದವನು ಕಾರು ಓಡಿಸುತ್ತಿದ್ದಾನೆ, ಪಕ್ಕದಲ್ಲಿ ಟೋಪಿಯವನು ಕೂತು ನಗುತ್ತಿದ್ದಾನೆ. ಕದಿರೇಶ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ನೆನಪಿಟ್ಟುಕೊಂಡಿದ್ದ ಚಿತ್ರವೇ, ಒಂದು ಕೂದಲೆಳೆ ವ್ಯತ್ಯಾಸವಿಲ್ಲ.

"ನೆನೆಸ್ಕೊಂತಾವ್ನೆ ಪಾಪ," ಎಂದಳು ರಂಜಿತ. "ಸತ್ತೋರು ಪಕ್ಕದಲ್ಲೇ ಕೂತಂಗೆ ಆಗ್ತದೆ ಕೆಲವು ಸಲ." ಅಷ್ಟು ಹೇಳಿ ಮತ್ತೆ ಅವರೆಕಾಯಿಗೆ ಕೈಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಗಂಡನ ಕಡೆ ತಿರುಗಿ ನೋಡಿದರೆ, ಅವನು ಮುಗಿದ ಸಿನಿಮಾದ ಕಪ್ಪು ಪರದೆಯನ್ನೇ ದಿಟ್ಟಿಸುತ್ತಿದ್ದ.

ಕದಿರೇಶನದು ಟೇಕಲ್. ಮಾಲೂರಿನ ಗೂಡುಗಳಿಂದ ಇಟ್ಟಿಗೆ ತುಂಬಿಕೊಂಡು ಜಿಲ್ಲೆಯೆಲ್ಲ ಸುತ್ತುವ ಮಿನಿ ಲಾರಿ ಅವನ ಕಸುಬು. ಊರಿನಲ್ಲಿ ಅವನ ಹೆಸರು ನಡೆಯುವುದು ಮಾತ್ರ ಇಟ್ಟಿಗೆಯಿಂದಲ್ಲ, ಕಾರಿನ ಪಿಚ್ಚರಿನಿಂದ. ತೆಲುಗಿಗೆ ಡಬ್ ಆಗಿ ಬಂದ ಆ ಇಂಗ್ಲಿಷ್ ಸಿನಿಮಾದ ಹೆಸರು ಟೇಕಲ್ಲಿನ ಯಾರ ನಾಲಿಗೆಗೂ ಹೊರಳದೆ, ಮೊದಲನೆಯದು 'ಒಂದನೇ ಕಾರು' ಆಯಿತು. ಅದರ ಮುಂದಿನವು ಎರಡನೇ ಕಾರು, ಮೂರನೇ ಕಾರು ಎಂದು ಸಾಲಾಗಿ ಬಂದು, ಈಗ ಹತ್ತನೆಯದಕ್ಕೆ ನಿಂತಿವೆ. ಟೀ ಅಂಗಡಿಯಲ್ಲಿ ಯಾರಾದರೂ ಈ ವಿಷಯ ಎತ್ತಿದರೆ ಸಾಕು, ಕದಿರೇಶ ಗ್ಲಾಸು ಕೆಳಗಿಡುತ್ತಿದ್ದ.

"ಒಂದನೇದು ಮೆಕ್ಯಾನಿಕ್ ಪಿಚ್ಚರ್. ಕಾರು ಕೆಡ್ತದೆ, ರಿಪೇರಿ ಮಾಡ್ತಾರೆ, ಕೈಯೆಲ್ಲ ಗ್ರೀಸು. ಒಪ್ಕೊಬಹುದು. ಎರಡನೇದು ಬಂಗಾರ. ಮೂರನೇದು ಮೋಸ. ಇಬ್ಬರೂ ನಕ್ಕೊಂಡು ಹೋದೋರನ್ನ ತಂದು, ಮೊದಲನೇ ಸೀನಲ್ಲೇ ಒಬ್ಬನ ಗೋರಿ ತೋರಿಸ್ತಾರಲ್ಲ, ಯಾವ ನ್ಯಾಯ? ಕಥೆ ಬರೆದೋನು ಹಿಂದಿನ ಪಿಚ್ಚರ್ ನೋಡೇ ಇಲ್ಲ. ನಾಲ್ಕರಿಂದ ಮುಂದಕ್ಕೆ ಕೇಳ್ಲೇಬೇಡಿ. ಡ್ಯಾಮಿನ ಗೋಡೆ ಹತ್ತಿಸ್ತಾರೆ, ವಿಮಾನದ ರೆಕ್ಕೆ ಮೇಲೆ ಓಡಿಸ್ತಾರೆ. ಕಾರು ನೆಲ ಬಿಟ್ಟ ದಿನಾನೇ ಕಾರಿನ ಪಿಚ್ಚರ್ ಮುಗೀತು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. ಅಷ್ಟಾದರೂ ಆ ಮೊಲವನ್ನು ಅವನು ಎಷ್ಟು ಮುದ್ದಾಗಿ ಎತ್ತಿ ತೋರಿಸುತ್ತಿದ್ದನೆಂದರೆ ಕಾಲು ಎಣಿಸುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ. ಒಂದು ಗುಟ್ಟು ಮಾತ್ರ ಅವನ ಹೊಟ್ಟೆಯಲ್ಲೇ ಉಳಿದಿತ್ತು. ನಾಲ್ಕರಿಂದ ಹತ್ತರವರೆಗೆ ಒಂದನ್ನೂ ಅವನು ನೋಡಿರಲಿಲ್ಲ. ಡ್ಯಾಮಿನ ಗೋಡೆ, ವಿಮಾನದ ರೆಕ್ಕೆ ಎಲ್ಲವೂ ಪೋಸ್ಟರಿನಲ್ಲಿ ಕಂಡದ್ದು, ನೋಡಿ ಬಂದವರ ಬಾಯಲ್ಲಿ ಕೇಳಿದ್ದು. ನಾಲ್ಕನೆಯದು ಬಂದಾಗ ಕೋಲಾರಕ್ಕೆ ಹೋಗಿ ಟಿಕೆಟ್ ತೆಗೆದು ಒಳಗೆ ಕೂತದ್ದು ನಿಜ. ಪಕ್ಕದ ಸೀಟು ಖಾಲಿಯಿತ್ತು. ದೀಪ ಆರುವ ಮೊದಲೇ ಎದ್ದು ಬಂದುಬಿಟ್ಟಿದ್ದ. ಆ ಸೀಟಿನಲ್ಲಿ ಶಾನವಾಜ್ ಇರಬೇಕಿತ್ತು.

ಶಾನವಾಜ್ ಎಂದರೆ ಡಬ್ಬಿ ಹೊರುತ್ತಿದ್ದ ಗೆಳೆಯ. ಆಗ ಮಾಲೂರಿನ ಟಾಕೀಸಿಗೂ ಟೇಕಲ್ಲಿನ ಟೆಂಟಿಗೂ ಸೇರಿ ಬರುತ್ತಿದ್ದುದು ಒಂದೇ ಪ್ರಿಂಟು. ಮಾಲೂರಿನಲ್ಲಿ ಆಟ ಶುರುವಾಗಿ ಒಂದೂವರೆ ಗಂಟೆಗೆ ಇಲ್ಲಿ ಶುರು. ಅಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಡಬ್ಬಿಗಳಲ್ಲಿ ಹಾಕಿ, ಮೊಪೆಡ್ಡಿನ ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿಟ್ಟು ಶಾನವಾಜ್ ತರಬೇಕು. ಪೆಟ್ಟಿಗೆಗೆ ಹಿಡಿಯುವುದು ಮೂರೇ ಡಬ್ಬಿ. ಕಾರಿನ ಪಿಚ್ಚರಿಗೆ ಏಳು ಡಬ್ಬಿ. ಹಾಗಾಗಿ ಮೂರು ಸಲ ಓಡಾಟ: ಮೊದಲು ಮೂರು, ಇಂಟರ್‌ವೆಲ್ ಹೊತ್ತಿಗೆ ಮೂರು, ಕೊನೆಯ ಒಂದು ಡಬ್ಬಿಗಾಗಿ ಮತ್ತೊಂದು ಸಲ. ಟೆಂಟಿನಲ್ಲಿ ಜನ ಮರಳಿನ ಮೇಲೆ ಕಾಲು ಚಾಚಿ ಸಿನಿಮಾ ನೋಡುವಾಗ ಅವನು ಕತ್ತಲೆಯ ರಸ್ತೆಯಲ್ಲಿ ಇರುತ್ತಿದ್ದ. ಕದಿರೇಶ ಮಾತ್ರ ಅವನಿಗೆಂದು ಪಕ್ಕದಲ್ಲಿ ಟವೆಲ್ ಹಾಸಿ ಜಾಗ ಹಿಡಿದಿರುತ್ತಿದ್ದ.

ಎರಡನೇ ಕಾರು ಬಂದ ವಾರ ಮಾತ್ರ ಶಾನವಾಜ್ ಇಂಟರ್‌ವೆಲ್ಲಿಗೆ ಬಂದವನು ಮತ್ತೆ ಹೋಗಲಿಲ್ಲ. ದಿನವೂ ಟವೆಲಿನ ಮೇಲೆ ಕೂತ, ಕಡಲೆಕಾಯಿ ಸುಲಿದ, ಪರದೆಯ ಮೇಲೆ ಟೋಪಿಯವನು ತೆಲುಗಿನಲ್ಲಿ "ಪದರಾ ಮಾಮಾ", ನಡಿಯೋ ಮಾವ, ಎಂದಾಗಲೆಲ್ಲ ಕದಿರೇಶನ ಭುಜಕ್ಕೆ ಗುದ್ದಿದ. ಯಾಕೆ, ಏನು ಎಂದು ಕದಿರೇಶ ಕೇಳಲಿಲ್ಲ. ಆ ವಯಸ್ಸಿನಲ್ಲಿ ಸುಖಕ್ಕೆ ಕಾರಣ ಕೇಳುವವರು ಯಾರಿದ್ದಾರೆ?

ಮೂರು ವರ್ಷ ಕಳೆದು ಮೂರನೆಯದು ಬಂತು. ಮೊದಲ ಸೀನಿನಲ್ಲೇ ಗೋರಿ ಕಂಡು ಇಡೀ ಟೆಂಟು ಬೊಬ್ಬೆ ಹಾಕಿತು, ಯಾರೋ ಪರದೆಗೆ ಮರಳು ಎರಚಿದರು. ಮಾರನೆಯ ಬೆಳಿಗ್ಗೆ ಟೀ ಅಂಗಡಿಯಲ್ಲಿ ಕದಿರೇಶನದೇ ಪಂಚಾಯಿತಿ. ಟೆಂಟಿನ ಯಜಮಾನ ವೆಂಕಟರಾಯಪ್ಪನೂ ಅಲ್ಲೇ ಕೂತಿದ್ದ. ಆಗ ಶಾನವಾಜ್ ಮೆಲ್ಲಗೆ, "ಅವನು ಎರಡನೇದರಲ್ಲೇ ಸತ್ತಿದ್ದ ಕಣೋ, ನಾನು ಮಾಲೂರಲ್ಲಿ ನೋಡಿದೀನಿ," ಎಂದ. ಹತ್ತು ಜನರ ಮುಂದೆ ತನ್ನ ಮಾತಿಗೆ ಅಡ್ಡ ಬಂದದ್ದು ಕದಿರೇಶನಿಗೆ ತಡೆಯಲಿಲ್ಲ. "ವಾರವೆಲ್ಲ ದಿನಾ ನೋಡಿದೋನು ನಾನು. ಪಕ್ಕದಲ್ಲೇ ಕೂತು ನೋಡಿ ಈಗ ಸುಳ್ಳು ಹೇಳ್ತೀಯಲ್ಲೋ. ಡಬ್ಬಿ ಹೊರೋನು ಡಬ್ಬಿ ಹೊರಬೇಕು, ಕಥೆ ಹೇಳಬಾರದು."

ಎಲ್ಲರೂ ನಕ್ಕರು. ಶಾನವಾಜ್ ವೆಂಕಟರಾಯಪ್ಪನ ಮುಖ ನೋಡಿದ, ಕದಿರೇಶನ ಮುಖ ನೋಡಿದ, ಅರ್ಧ ಟೀ ಬಿಟ್ಟು ಎದ್ದು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವರ್ಷವೇ ಟೆಂಟು ಎತ್ತಿದರು. ಶಾನವಾಜ್ ಮುಳಬಾಗಿಲಿನ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಕಾರಿನ ಸೀಟು ಹೊಲಿಯುವ ಅಂಗಡಿ ಹಾಕಿಕೊಂಡ. ಮದುವೆಗೆ ಕರೆಯಲು ಅವನ ಅಪ್ಪ ತಾಜ್ ಪಾಷಾ ಮನೆಗೇ ಬಂದಿದ್ದರು. ಕದಿರೇಶ ಹೋಗಲಿಲ್ಲ. ಸುಳ್ಳ ಅವನು, ಅವನೇ ಬಂದು ಒಪ್ಪಿಕೊಳ್ಳಲಿ ಎಂದು ಹತ್ತೊಂಬತ್ತು ವರ್ಷ ಕಾದ. ಮುಳಬಾಗಿಲಿಗೆ ಲೋಡು ಬಿದ್ದರೆ ತಾನು ಹೋಗದೆ ನರೇಶ ಎಂಬ ಇನ್ನೊಬ್ಬ ಡ್ರೈವರಿಗೆ ಬಿಟ್ಟುಕೊಡುತ್ತಿದ್ದ.

ಟಿವಿಯಲ್ಲಿ ಎರಡನೇ ಕಾರು ನೋಡಿದ ಆ ಭಾನುವಾರ ರಾತ್ರಿ ಅವನಿಗೆ ಅವರೆಕಾಳಿನ ಸಾರು ರುಚಿಸಲಿಲ್ಲ. "ಸಿನಿಮಾದಲ್ಲಿ ಸತ್ತೋನಿಗೆ ಯಾರಾದ್ರೂ ಉಪವಾಸ ಕೂತ್ಕೊಂತಾರಾ?" ಎಂದು ರಂಜಿತ ರೇಗಿಸಿದಳು. ಅವನು ಎಲ್ಲವನ್ನೂ ಹೇಳಿಕೊಂಡ. ಹೇಳಿ ಮುಗಿಸಿದ ಮೇಲೆ ಅವಳು ರೇಗಿಸಲಿಲ್ಲ. "ನಾಳೆ ಹೋಗಿ ಬನ್ನಿ," ಎಂದಳು. "ಬೈದ್ರೆ ಬೈಸ್ಕೊಂಡು ಬನ್ನಿ. ಹತ್ತೊಂಬತ್ತು ವರ್ಷ ಕಾದೋರು ಅವರು, ನೀವಲ್ಲ."

ಸೋಮವಾರ ಬೆಳಿಗ್ಗೆ ನರೇಶನ ಲೋಡನ್ನು ಕೇಳಿ ತೆಗೆದುಕೊಂಡು ಕದಿರೇಶ ಮುಳಬಾಗಿಲಿಗೆ ಹೊರಟ. ದಾರಿಯುದ್ದಕ್ಕೂ ಮಾತು ಕಟ್ಟಿದ, ಮುರಿದ. ತಪ್ಪಾಯ್ತು ಎನ್ನುವುದೇ, ಮೊದಲು ಯೋಗಕ್ಷೇಮ ವಿಚಾರಿಸುವುದೇ? ಅವನು ಗುರುತೇ ಸಿಗದವನಂತೆ ನೋಡಿಬಿಟ್ಟರೆ? ಆ ಭಯ ಕೋಲಾರ ದಾಟಿದ ಮೇಲೆ ಇನ್ನೂ ಹೆಚ್ಚಾಯಿತು. ಇಟ್ಟಿಗೆ ಇಳಿಸುವ ಸೈಟಿಗೆ ಹೋಗದೆ ನೇರವಾಗಿ ಅಂಗಡಿಯ ಮುಂದೆಯೇ ಲಾರಿ ನಿಲ್ಲಿಸಿದ, ಆಮೇಲಾದರೆ ಧೈರ್ಯ ಸಾಲುವುದಿಲ್ಲವೆಂದು.

ಅಂಗಡಿಯ ತುಂಬ ರೆಕ್ಸಿನ್ನಿನ ಸುರುಳಿಗಳು. ಯಾವುದೋ ಟ್ಯಾಕ್ಸಿಯಿಂದ ಬಿಚ್ಚಿದ ಮುಂದಿನ ಎರಡು ಸೀಟುಗಳನ್ನು ಹೊಸ ಹೊದಿಕೆ ಹಾಕಿ ನೆಲದ ಮೇಲೆ ಇಟ್ಟಿದ್ದರು. ಹೊಲಿಗೆ ಮಿಷನ್ನಿನ ಹಿಂದೆ ಶಾನವಾಜ್ ಕೂತಿದ್ದ. ಗಡ್ಡ ಅರ್ಧ ನೆರೆತಿತ್ತು, ಮೂಗಿನ ತುದಿಗೆ ಕನ್ನಡಕ ಬಂದಿತ್ತು. ಬಾಗಿಲಲ್ಲಿ ನಿಂತವನನ್ನು ಒಮ್ಮೆ ನೋಡಿ, ಹೊಲಿಗೆಯ ಕಡೆಗೇ ಕಣ್ಣು ತಿರುಗಿಸಿ, "ಯಾವ ಗಾಡಿಗೆ?" ಎಂದ.

ದಾರಿಯಲ್ಲಿ ಕಟ್ಟಿದ ಮಾತುಗಳಲ್ಲಿ ಒಂದೂ ಕದಿರೇಶನ ಬಾಯಿಗೆ ಬರಲಿಲ್ಲ. "ಟೋಪಿ ಸತ್ತೋದ ಕಣೋ," ಎಂದ.

ಮಿಷನ್ ನಿಂತಿತು. "ಯಾವಾಗ?"

"ನಿನ್ನೆ ಮಧ್ಯಾಹ್ನ. ಟಿವಿಯಲ್ಲಿ ನೋಡ್ದೆ."

ಶಾನವಾಜ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. ಎಷ್ಟು ಒರೆಸಿದರೂ ಅವನಿಗೆ ತೃಪ್ತಿಯಾದಂತೆ ಕಾಣಲಿಲ್ಲ. ಕದಿರೇಶ ಬಾಗಿಲಲ್ಲೇ ನಿಂತು, "ನೀನು ಹೇಳಿದ್ದು ನಿಜ. ಅವತ್ತು ಎಲ್ಲರ ಮುಂದೆ ನಾನು ಅಂದಿದ್ದು ತಪ್ಪು. ಮದುವೆಗೆ ಬರದೇ ಇದ್ದಿದ್ದು ಅದಕ್ಕಿಂತ ದೊಡ್ಡ ತಪ್ಪು. ಇದನ್ನ ಹೇಳಿ ಹೋಗಾನ ಅಂತ ಬಂದೆ," ಎಂದ.

"ನೀನು ನೋಡಿದ್ದೂ ಸುಳ್ಳಲ್ಲ," ಎಂದ ಶಾನವಾಜ್. "ಆರನೇ ಡಬ್ಬಿ ಟೇಕಲ್‌ಗೆ ಬರಲೇ ಇಲ್ಲ. ನಾನೇ ತರಲಿಲ್ಲ."

ಕದಿರೇಶನಿಗೆ ಅರ್ಥವಾಗಲಿಲ್ಲ.

"ಪೆಟ್ಟಿಗೇಲಿ ಮೂರೇ ಹಿಡೀತಿದ್ದಿದ್ದು. ನಾಲ್ಕು, ಐದು, ಆರು ತಂದ್ರೆ ಏಳಕ್ಕೆ ಮತ್ತೆ ಓಡಬೇಕು. ನಾಲ್ಕು, ಐದು, ಏಳು ತಂದ್ರೆ ಆಯ್ತು, ಇಂಟರ್‌ವೆಲ್ಲಿಂದ ಕೊನೇವರೆಗೂ ಕೂತ್ಕೊಬಹುದು. ಆರನೇದು ಸೆನ್ಸಾರ್ನೋರು ಕಟ್ ಮಾಡವ್ರೆ ಅಂತ ವೆಂಕಟರಾಯಪ್ಪನಿಗೆ ಹೇಳ್ದೆ. ಬೇಗ ಮುಗೀತದಲ್ಲ ಅಂತ ಅವನಿಗೂ ಖುಷಿ. ಅದರಲ್ಲಿ ಟೋಪಿ ಸಾಯ್ತಾನೆ ಅಂತ ಗೊತ್ತಿತ್ತು. ಸಾಯಲಿ ಬಿಡು ಮಾಲೂರಲ್ಲಿ, ನಮ್ಮೂರಲ್ಲಿ ಯಾಕೆ ಅಂದ್ಕೊಂಡೆ. ಅವತ್ತು ಟೀ ಅಂಗಡೀಲಿ ಹೇಳೋಣ ಅಂದ್ರೆ ಯಜಮಾನ ಎದುರಿಗೇ ಕೂತವ್ನೆ. ಬಾಯಿ ಬಿಟ್ಟಿದ್ರೆ ಕೆಲಸ ಹೋಗ್ತಿತ್ತು."

"ಯಾಕೆ ಹಂಗ್ ಮಾಡ್ದೆ?"

"ಯಾಕೆ ಅಂದ್ರೆ? ದಿನಾ ಟವೆಲ್ ಹಾಸಿ ಕೂತಿರ್ತಿದ್ದೆಯಲ್ಲ ನೀನು. ಒಂದು ಪಿಚ್ಚರಾದ್ರೂ ಅದರ ಮೇಲೆ ಕೂತು ನೋಡ್ಬೇಕು ಅನ್ನಿಸ್ತು."

ಕದಿರೇಶ ಅಲ್ಲಿದ್ದ ಟ್ಯಾಕ್ಸಿ ಸೀಟಿನ ಮೇಲೆ ಕುಸಿದಂತೆ ಕೂತ. ಎರಡನೇ ಕಾರು ಯಾಕೆ ಬಂಗಾರವೆಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಕಾರಣಗಳು, ಆ ಓಟ, ಆ ಎಂಜಿನ್ನಿನ ಸದ್ದು, ಆ ಸಮುದ್ರದ ರಸ್ತೆ, ಯಾವುದೂ ಕಾರಣವೇ ಅಲ್ಲವೆಂದು ಅವನಿಗೆ ಈಗ ತಿಳಿಯಿತು. ಅಳು ಬಂದರೆ ಬರಲಿ ಎಂದುಕೊಂಡ, ಬಂತು ಕೂಡ.

ಶಾನವಾಜ್ ಅವನ ಕಡೆ ನೋಡದೆ ಒಳಗೆ ಮುಖ ಮಾಡಿ, "ತಾಜುನ್ನೀಸಾ, ಟೇಕಲ್‌ನಿಂದ ಕದಿರೇಶ ಬಂದವ್ನೆ, ಎರಡು ಚಾ," ಎಂದ. ಪರದೆ ಸರಿಸಿ ಇಣುಕಿದ ಅವನ ಹೆಂಡತಿ, ಯಾವ ಕದಿರೇಶ ಎಂದು ಕೇಳಲಿಲ್ಲ. "ಬನ್ನಿ ಅಣ್ಣಾ," ಎಂದು ಒಲೆ ಹಚ್ಚಲು ಹೋದಳು.

ಚಹಾ ಬಂತು. ಟೆಂಟಿನ ಮರಳು, ಇಂಟರ್‌ವೆಲ್ಲಿನ ಮಸಾಲೆ ಕಡಲೆಕಾಯಿ, ಮೊಪೆಡ್ಡಿನ ಸದ್ದು ಕೇಳಿದ ಕೂಡಲೇ "ಡಬ್ಬಿ ಬಂತು" ಎಂದು ಸಿಳ್ಳೆ ಹೊಡೆಯುತ್ತಿದ್ದ ಜನ, ಎಲ್ಲವೂ ಒಂದೊಂದಾಗಿ ಮಾತಿನಲ್ಲಿ ಬಂದು ಹೋದವು. ತಾಜ್ ಪಾಷಾ ತೀರಿಕೊಂಡು ಆರು ವರ್ಷವಾಗಿತ್ತು. ಕದಿರೇಶನಿಗೆ ಅದು ಗೊತ್ತಿರಲಿಲ್ಲ. ಗೊತ್ತಾದಾಗ ಕೈಯಲ್ಲಿದ್ದ ಗ್ಲಾಸನ್ನು ನೆಲಕ್ಕಿಟ್ಟ.

"ಆಮೇಲಿನವು ಹೆಂಗವೆ?" ಎಂದು ಕೊನೆಗೆ ಶಾನವಾಜ್ ಕೇಳಿದ. "ನಾನು ಮೂರಕ್ಕೇ ಬಿಟ್ಟೆ. ನಾಲ್ಕನೇದು ಹೆಂಗೈತೆ?"

ಡ್ಯಾಮಿನ ಗೋಡೆ ಕದಿರೇಶನ ನಾಲಿಗೆಯ ತುದಿಯವರೆಗೆ ಬಂತು. ಊರಿಗೆಲ್ಲ ಹೇಳಿದ್ದನ್ನು ಇವನಿಗೆ ಹೇಳಲಾಗಲಿಲ್ಲ. "ನೋಡಿಲ್ಲ ಕಣೋ," ಎಂದ. "ಒಂದನ್ನೂ ನೋಡಿಲ್ಲ."

ಶಾನವಾಜ್ ಮಿಷನ್ನಿನಲ್ಲಿ ಸಿಕ್ಕಿಕೊಂಡಿದ್ದ ಬಟ್ಟೆಯನ್ನು ಬಿಡಿಸಿಟ್ಟು ಎದ್ದ. ಒಂದು ರೆಕ್ಸಿನ್ ಸುರುಳಿಯನ್ನು ಸೀಟುಗಳ ಮುಂದೆ ಎಳೆದು, ಅದಕ್ಕೆ ಮೊಬೈಲ್ ಆನಿಸಿ ನಿಲ್ಲಿಸಿದ. ಬಾಗಿಲ ಬೆಳಕು ಪರದೆಗೆ ಬೀಳದಂತೆ ಷಟರನ್ನು ಸೊಂಟದವರೆಗೆ ಇಳಿಸಿದ. ಬಂದು ಇನ್ನೊಂದು ಸೀಟಿನಲ್ಲಿ ಕೂತ. ಹೊರಗೆ ಇಟ್ಟಿಗೆಯ ಲಾರಿಗೆ ಯಾರೋ ಹಾರ್ನ್ ಹೊಡೆದು ಹೋದರು.

ನಾಲ್ಕನೆಯದು ಶುರುವಾಯಿತು. ಗಡ್ಡದವನಿಗೆ ವಯಸ್ಸಾಗಿತ್ತು. ಹಿಂದೆ ಹತ್ತು ಕಾರು ಅಟ್ಟಿಸಿಕೊಂಡು ಬರುತ್ತಿರಲು ಅವನ ಕಾರು ಬೆಟ್ಟದ ತಿರುವಿನಲ್ಲಿ ವೇಗ ತಗ್ಗಿಸದೆ ನುಗ್ಗಿತು, ರಸ್ತೆ ಅಲ್ಲಿಗೇ ಮುಗಿದಿತ್ತು. ನೆಲದ ಮೇಲಿಟ್ಟ ಸೀಟುಗಳಲ್ಲಿ ಕೂತಿದ್ದ ಇಬ್ಬರ ಬಲಗಾಲೂ ಒಟ್ಟಿಗೇ ಮುಂದೆ ಚಾಚಿ ಸಿಮೆಂಟಿನ ನೆಲವನ್ನು ಬ್ರೇಕಿನಂತೆ ಬಲವಾಗಿ ಒತ್ತಿದವು.